ಹೃದಯರಕ್ಷಣೆ ಊರಿನ ಹೊಣೆ

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಕನ್ನಡ ನಾಡಿನ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಗಾದೆಯ ಮಾತು ಸುಳ್ಳಲ್ಲ. ಆದರೆ ಅದು ಪೂರ್ಣ ಸತ್ಯವೂ ಅಲ್ಲ. ಊಟವನ್ನು ಬಲ್ಲವನಾಗಬೇಕಾದರೆ ತಟ್ಟೆಯಲ್ಲಿರುವುದು ಏನೆಂದು ಅರಿಯುವ ವಿದ್ಯೆ ಬೇಕು, ಒಳ್ಳೆಯದನ್ನು ಕೊಳ್ಳುವ ಶಕ್ತಿ ಬೇಕು, ನೆಮ್ಮದಿಯಿಂದ ಕುಳಿತು ಉಣ್ಣುವಷ್ಟು ಹೊತ್ತು ಬೇಕು. ಈ ಮೂರೂ ಒಬ್ಬಂಟಿ ಮನುಷ್ಯನ ಕೈಯಲ್ಲಿಲ್ಲ. ಅವು ಅವನು ಹುಟ್ಟಿದ ಮನೆ, ದುಡಿಯುವ ಸ್ಥಳ, ಬದುಕುವ ಊರು ಇವುಗಳನ್ನು ಅವಲಂಬಿಸಿವೆ. ಆದುದರಿಂದಲೇ ಹೃದಯದ ಆರೋಗ್ಯವನ್ನು ವ್ಯಕ್ತಿಯ ಖಾಸಗಿ ಸಂಗತಿಯೆಂದು ಬಗೆದು ಕೈಕಟ್ಟಿ ಕುಳಿತ ಸಮಾಜ ತನ್ನ ಹೊಣೆಯಿಂದ ನುಣುಚಿಕೊಂಡಂತೆಯೇ ಸರಿ.

ಕಲಬುರಗಿ ನಗರದಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಪನೂರ ಎಂಬ ಊರಿದೆ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಿದ್ದ ಈ ಊರಿನ ಮಗ್ಗುಲಲ್ಲಿ ಈಗ ಕೈಗಾರಿಕಾ ಪ್ರದೇಶ ಬೆಳೆದು ನಿಂತಿದೆ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯ ಕಾಳು ಇಲ್ಲಿಯ ಗಿರಣಿಗಳಿಗೆ ಬಂದು ಬೇಳೆಯಾಗಿ ದೇಶದ ನಾನಾ ಭಾಗಗಳಿಗೆ ಹೋಗುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ ಸಾಗಿದರೆ ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಸಿಗುತ್ತದೆ. ಜೋಳ, ತೊಗರಿ, ಬಾಳೆ ಈ ಮೂರನ್ನೂ ಕೊಡುವ ನೆಲ ಹೃದಯಕ್ಕೆ ಹಿತವಾದ ಆಹಾರವನ್ನು ತಾನಾಗಿಯೇ ಮುಂದೆ ಹಿಡಿದಿದೆ. ಹೀಗಿದ್ದೂ ಈ ನೆಲದ ಓಣಿಗಳಲ್ಲಿ 'ಲಕ್ವಾ ಹೊಡೆಯಿತು', 'ಎದೆ ಒಡೆಯಿತು' ಎಂಬ ಮಾತುಗಳು ಅಪರೂಪವಾಗಿ ಉಳಿದಿಲ್ಲ.

ಗಿರಣಿಯೊಂದರಲ್ಲಿ ಚೀಲ ಹೊರುವ ಹಮಾಲನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ನಲವತ್ತೈದು. ಬೆಳಗಿನಿಂದ ಬೈಗಿನವರೆಗೆ ಬೆನ್ನ ಮೇಲೆ ಚೀಲ, ಬಾಯಲ್ಲಿ ತಂಬಾಕು, ಬುತ್ತಿಯಲ್ಲಿ ಎರಡು ರೊಟ್ಟಿ, ಉಪ್ಪುಖಾರ ಕೂಡಿದ ಚಟ್ನಿ, ಉಪ್ಪಿನಕಾಯಿ. ಮೈ ಗಟ್ಟಿಮುಟ್ಟಾಗಿದೆ, ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. ಒಮ್ಮೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವನ ರಕ್ತದೊತ್ತಡ ಬಹಳ ಏರಿರುವುದು ಕಂಡುಬಂತು. ವೈದ್ಯರು ಗುಳಿಗೆ ಕೊಟ್ಟರು. ಎರಡು ತಿಂಗಳಲ್ಲಿ ಒತ್ತಡ ಇಳಿಯಿತು. ಇಳಿದೊಡನೆಯೇ ಅವನು ಗುಳಿಗೆಯನ್ನು ಬಿಟ್ಟ. "ಅಕ್ಕಾ, ಈಗ ಆರಾಮ ಆಗೇನಲ್ಲ, ಇನ್ನ ಗುಳಿಗಿ ಯಾಕ ಬೇಕ್ರಿ?" ಎಂದು ಕೇಳಿದ. ಗುಳಿಗೆ ತರಲು ಆರೋಗ್ಯ ಕೇಂದ್ರಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ವರ್ಷ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಅವನ ಬಲಗೈ ಏಳಲಿಲ್ಲ, ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಬಿದ್ದವನು ಅವನೊಬ್ಬನೇ ಆದರೂ ಕೆಳಗೆ ಇಳಿದದ್ದು ಇಡೀ ಸಂಸಾರ. ಹೆಂಡತಿ ಮನೆಗೆಲಸ ಹುಡುಕಿದಳು. ಮಗಳ ಓದು ಒಂಬತ್ತನೆಯ ತರಗತಿಗೆ ನಿಂತಿತು. ಇದು ಒಬ್ಬನ ಕಥೆಯಲ್ಲ. ಕೂಲಿಯ ಮೇಲೆ ನಿಂತ ಎಷ್ಟೋ ಮನೆಗಳಲ್ಲಿ ನಡೆಯಬಹುದಾದ ಕಥೆ.

ಈ ಕಥೆಯಲ್ಲಿ ತಪ್ಪು ಯಾರದು? ಗುಳಿಗೆ ಬಿಟ್ಟವನದೇ ಎಂದು ಥಟ್ಟನೆ ಹೇಳಿಬಿಡುವುದು ಸುಲಭ. ಆದರೆ ರೋಗದ ಸ್ವರೂಪವನ್ನು ಅರಿತವರು ಹಾಗೆ ಹೇಳಲಾರರು.

ಮಾನವನ ಹೃದಯ ಅವನ ಮುಷ್ಟಿಯಷ್ಟು ದೊಡ್ಡದು. ದಿನವೊಂದಕ್ಕೆ ಅದು ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತದಲ್ಲಿಯೂ ಹೊರಟ ರಕ್ತ ನಾಳಗಳ ಗೋಡೆಯನ್ನು ಒತ್ತುತ್ತದೆ. ಈ ಒತ್ತಡ ಸಾಮಾನ್ಯವಾಗಿ 120/80ರ ಆಸುಪಾಸಿನಲ್ಲಿ ಇರಬೇಕು. ಬೇರೆ ಬೇರೆ ದಿನ ಅಳೆದಾಗಲೂ 140/90ನ್ನು ಮುಟ್ಟಿದರೆ ಅಥವಾ ಮೀರಿದರೆ ವೈದ್ಯರು ಅದನ್ನು ಅಧಿಕ ರಕ್ತದೊತ್ತಡವೆಂದು ಎಣಿಸುತ್ತಾರೆ. ಹೆಚ್ಚಿದ ಒತ್ತಡ ವರ್ಷಾನುಗಟ್ಟಲೆ ನಾಳಗಳನ್ನು ಸವೆಸುತ್ತದೆ, ಗಡುಸಾಗಿಸುತ್ತದೆ, ಅವುಗಳ ಒಳಮೈಯಲ್ಲಿ ಕೊಬ್ಬು ಕೂಡಲು ಎಡೆಮಾಡಿಕೊಡುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿದರೆ ಹೃದಯಾಘಾತ. ಮಿದುಳಿಗೆ ಒಯ್ಯುವ ನಾಳ ಕಟ್ಟಿದರೆ ಅಥವಾ ಒಡೆದರೆ ಪಾರ್ಶ್ವವಾಯು. ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2ರಷ್ಟೇ ಇದ್ದರೂ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20ರಷ್ಟನ್ನು ತಾನೇ ಬೇಡುತ್ತದೆ. ಅಂಥ ಅಂಗಕ್ಕೆ ರಕ್ತ ನಿಂತರೆ ಹಾನಿ ಕ್ಷಣಕ್ಷಣಕ್ಕೂ ಬೆಳೆಯುತ್ತದೆ. ದೊಡ್ಡ ನಾಳವೊಂದು ಕಟ್ಟಿದಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಲಾಗಿದೆ.

ಇಷ್ಟೆಲ್ಲ ಅನಾಹುತಕ್ಕೆ ಕಾರಣವಾಗುವ ರಕ್ತದೊತ್ತಡ ತಾನು ಬಂದಿರುವುದನ್ನು ಮಾತ್ರ ಯಾರಿಗೂ ತಿಳಿಸುವುದಿಲ್ಲ. ಹಲ್ಲುನೋವು ರಾತ್ರಿಯ ನಿದ್ದೆ ಕೆಡಿಸುತ್ತದೆ. ಜ್ವರ ಮೈಯನ್ನು ಸುಡುತ್ತದೆ. ಇದಕ್ಕೆ ನೋವೂ ಇಲ್ಲ, ಸುಡುವಿಕೆಯೂ ಇಲ್ಲ. ನೋವಿಲ್ಲದ ರೋಗಕ್ಕೆ ದಿನವೂ ಗುಳಿಗೆ ನುಂಗಬೇಕೆಂಬ ಮಾತು ಮನುಷ್ಯಸ್ವಭಾವಕ್ಕೆ ಒಗ್ಗುವುದಿಲ್ಲ. ಗುಳಿಗೆಯಿಂದ ಒತ್ತಡ ಹತೋಟಿಯಲ್ಲಿದೆಯೇ ಹೊರತು ರೋಗ ಹೋಗಿಲ್ಲ ಎಂಬ ಸೂಕ್ಷ್ಮವನ್ನು ಒಮ್ಮೆ ಹೇಳಿದರೆ ಸಾಲದು. ತಿಂಗಳು ತಿಂಗಳೂ ನೆನಪಿಸುವವರು ಬೇಕು. ಆ ನೆನಪಿಸುವ ಕೆಲಸವನ್ನು ದೂರದ ವೈದ್ಯ ಮಾಡಲಾರ. ಅದು ನೆರೆಹೊರೆಯ ಕೆಲಸ.

ಇತಿಹಾಸದ ಒಂದು ದೃಷ್ಟಾಂತ ಇಲ್ಲಿ ನೆನೆಯತಕ್ಕದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್ವೆಲ್ಟರ ರಕ್ತದೊತ್ತಡ 1944ರಲ್ಲಿ 186/108ರಷ್ಟಿತ್ತು. ಜಗತ್ತಿನ ಅತ್ಯಂತ ಬಲಶಾಲಿಯಾದ ರಾಷ್ಟ್ರದ ನಾಯಕನಾಗಿದ್ದರೂ ಅದನ್ನು ಇಳಿಸಬಲ್ಲ ಸರಿಯಾದ ಔಷಧಿ ಅವರ ವೈದ್ಯರ ಬಳಿ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತಮ್ಮ 63ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂದು ಅಧ್ಯಕ್ಷನಿಗೆ ದೊರೆಯದ ಔಷಧಿ ಇಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಹಮಾಲನಿಗೂ ಬಿಟ್ಟಿಯಾಗಿ ದೊರೆಯಬಲ್ಲದು. ವಿಜ್ಞಾನ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದೆ. ಉಳಿದಿರುವುದು ಗುಳಿಗೆಗೂ ಮನುಷ್ಯನಿಗೂ ನಡುವಿನ ಅರ್ಧ ದಿನದ ಕೂಲಿಯಷ್ಟು ದೂರ. ಆ ದೂರವನ್ನು ತುಂಬುವುದು ಸಮಾಜದ ಪಾಲಿಗೆ ಬಂದ ಕೆಲಸ.

ಕಾಯಿಲೆಯ ವ್ಯಾಪ್ತಿಯನ್ನು ನೋಡಿದರೆ ಈ ಮಾತಿನ ತೂಕ ತಿಳಿದೀತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ರಕ್ತದೊತ್ತಡ ಹೆಚ್ಚಾಗಿತ್ತು ಅಥವಾ ಅವರು ಅದಕ್ಕಾಗಿ ಔಷಧಿ ಸೇವಿಸುತ್ತಿದ್ದರು. ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಬಡ ಮತ್ತು ಮಧ್ಯಮ ವರಮಾನದ ದೇಶಗಳವರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೃದಯರೋಗ ಸಿರಿವಂತರ ಕಾಯಿಲೆ ಎಂಬ ಹಳೆಯ ನಂಬಿಕೆಗೆ ಈಗ ಆಧಾರವಿಲ್ಲ.

ಸರಕಾರ ಏನೂ ಮಾಡಿಲ್ಲವೆಂದು ಹೇಳುವುದು ನ್ಯಾಯವಲ್ಲ. ಒಂದು ಕಾಲಕ್ಕೆ ಕಲಬುರಗಿಯ ಹೃದ್ರೋಗಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಐದುನೂರು ಕಿಲೋಮೀಟರಿಗೂ ಮಿಕ್ಕ ದೂರದ ಬೆಂಗಳೂರಿಗೋ ಓಡಬೇಕಾಗಿತ್ತು. 2016ರಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿ ಕೆಲಸ ಆರಂಭಿಸಿತು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಅದರ ಸ್ವಂತ ಕಟ್ಟಡ ಉದ್ಘಾಟನೆಯಾಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡಿದ ಸಂವಿಧಾನದ 371ಜೆ ವಿಧಿಯ ನೆನಪು ಆ ಸಂಖ್ಯೆಯಲ್ಲಿದೆ. ಹೃದಯಾಘಾತದಿಂದ 2021ರ ಅಕ್ಟೋಬರ್ 29ರಂದು ಅಗಲಿದ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ 2024ರಲ್ಲಿ ಹೃದಯಜ್ಯೋತಿ ಯೋಜನೆ ಜಾರಿಗೆ ಬಂತು. ಅದರ ಮೂಲಕ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಹೃದಯದ ಚಿತ್ರವನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಸಲಹೆ ನೀಡುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ರೋಗಿಗೆ ಉಚಿತವಾಗಿ ಕೊಡಲಾಗುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ 30 ವರ್ಷ ಮೀರಿದವರ ಮನೆಬಾಗಿಲಿಗೇ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಪತ್ತೆಹಚ್ಚುವ ಉದ್ದೇಶದ್ದು. 2008ರಿಂದ 108 ವಾಹನ ರಾಜ್ಯದಲ್ಲಿ ಓಡುತ್ತಿದೆ.

ಇವೆಲ್ಲ ಬೇಕಾದವುಗಳೇ. ಆದರೆ ಆಸ್ಪತ್ರೆ ಹೊಳೆಯ ಕೆಳದಂಡೆಯಲ್ಲಿ ನಿಂತು ತೇಲಿಬರುವವರನ್ನು ಎತ್ತುವ ಸಂಸ್ಥೆ. ಮೇಲ್ದಂಡೆಯಲ್ಲಿ ಜನ ಜಾರಿ ಬೀಳುವ ಕಡೆ ಒಂದು ಕಟ್ಟೆ ಕಟ್ಟುವವರು ಯಾರು? ಸಾವಿರ ಹಾಸಿಗೆ ಹಾಕಿದರೂ ಕಟ್ಟೆಯಿಲ್ಲದ ಹೊಳೆಗೆ ಅವು ಸಾಲವು.

2025ರ ಬೇಸಿಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ನಡೆದ ಸರಣಿ ಹೃದಯಾಘಾತದ ಸಾವುಗಳು ನಾಡನ್ನೇ ನಡುಗಿಸಿದವು. ಭಯಗೊಂಡ ಜನ ತಪಾಸಣೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿದಾಗ ಹೊಸ ಭೂತವೇನೂ ಕಾಣಲಿಲ್ಲ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಮುಂತಾದ ಹಳೆಯ ಕಾರಣಗಳೇ ಎದುರಾದವು. ಈ ಪ್ರಸಂಗದ ಪಾಠ ಸ್ಪಷ್ಟವಾಗಿದೆ. ಭಯ ಒಂದು ವಾರದ ಜನಜಂಗುಳಿಯನ್ನು ಸೇರಿಸಬಲ್ಲದು. ರೂಢಿ ಮಾತ್ರ ವರ್ಷಗಟ್ಟಲೆಯ ಕಾವಲನ್ನು ಕೊಡಬಲ್ಲದು. ರೂಢಿಯನ್ನು ಬೆಳೆಸುವುದು ಊರಿನಿಂದಲೇ ಆಗಬೇಕು.

ಊರು ಒಗ್ಗೂಡಿದರೆ ಏನಾಗಬಲ್ಲದೆಂಬುದಕ್ಕೆ ಫಿನ್‌ಲ್ಯಾಂಡಿನ ಉತ್ತರ ಕರೇಲಿಯಾ ಪ್ರಾಂತ ಸಾಕ್ಷಿಯಾಗಿದೆ. ಮರ ಕಡಿಯುವವರು, ಹೈನುಗಾರರು ಹೆಚ್ಚಾಗಿದ್ದ ಆ ಪ್ರಾಂತದಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣದಲ್ಲಿತ್ತು. ಬೆಣ್ಣೆ, ಉಪ್ಪು, ಹೊಗೆಬತ್ತಿ ಅಲ್ಲಿಯ ನಿತ್ಯಜೀವನದ ಭಾಗಗಳಾಗಿದ್ದವು. 1971ರಲ್ಲಿ ಪ್ರಾಂತದ ಪ್ರತಿನಿಧಿಗಳೇ ಸರಕಾರಕ್ಕೆ ಮನವಿ ಸಲ್ಲಿಸಿ ನೆರವು ಬೇಡಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ಮುಂದಾಳುತನದಲ್ಲಿ ಕೆಲಸ ಆರಂಭವಾಯಿತು. ಅವರು ಆಸ್ಪತ್ರೆಯಲ್ಲಿ ಕುಳಿತುಕೊಳ್ಳಲಿಲ್ಲ. ಗೃಹಿಣಿಯರ ಸಂಘಗಳು ಹಳ್ಳಿಹಳ್ಳಿಯಲ್ಲಿ ಹೊಸ ಅಡುಗೆಯ ಕೂಟಗಳನ್ನು ನಡೆಸಿದವು. ಊರು ಊರುಗಳ ನಡುವೆ ರಕ್ತದ ಕೊಬ್ಬಿಳಿಸುವ ಪಂದ್ಯಗಳು ಏರ್ಪಟ್ಟವು. ಬೆಣ್ಣೆಯ ಬೇಡಿಕೆ ಕುಗ್ಗಿ ಹೈನುಗಾರರಿಗೆ ಹೊಡೆತ ಬಿದ್ದಾಗ, ಆ ನೆಲದಲ್ಲಿ ಸಹಜವಾಗಿ ಬೆಳೆಯುವ ಕಾಡುಹಣ್ಣುಗಳ ಕೃಷಿಗೆ ಉತ್ತೇಜನ ದೊರೆಯಿತು. ಸುಮಾರು ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವುಗಳು ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಇಳಿದವು. ಅಲ್ಲಿ ಗುಣವಾದದ್ದು ಊರಿನ ಅಭ್ಯಾಸ. ಅದರ ಫಲವಾಗಿ ಜನರ ಹೃದಯ ಉಳಿಯಿತು.

ಫಿನ್‌ಲ್ಯಾಂಡು ಸಿರಿವಂತ ದೇಶ, ಅಲ್ಲಿಯ ಮಾತು ಇಲ್ಲಿಗೆ ಸಲ್ಲದು ಎಂದು ಆಕ್ಷೇಪಿಸುವವರಿಗೆ ನೆರೆಯ ದೇಶಗಳ ಉತ್ತರವಿದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಶಾ ಕಾರ್ಯಕರ್ತೆಯರಂಥ ಸ್ಥಳೀಯ ಹೆಣ್ಣುಮಕ್ಕಳೇ ಮೊದಲಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರಕ್ತದೊತ್ತಡ ಅಳೆದು ತಿಳಿವಳಿಕೆ ನೀಡಿದರು. ಎರಡು ವರ್ಷಗಳ ಬಳಿಕ ಆ ಊರುಗಳ ರೋಗಿಗಳ ಒತ್ತಡ ಮಿಕ್ಕ ಊರುಗಳಿಗಿಂತ ಹೆಚ್ಚು ಇಳಿದಿತ್ತು. ಚೀನದ 600 ಹಳ್ಳಿಗಳಲ್ಲಿ ಸುಮಾರು 21,000 ಮಂದಿಯ ಮೇಲೆ ನಡೆಸಿದ ಇನ್ನೊಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಅರ್ಧದಷ್ಟು ಹಳ್ಳಿಗಳ ಮನೆಗಳಿಗೆ ಸೋಡಿಯಂ ತಗ್ಗಿಸಿ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಕೊಡಲಾಗಿತ್ತು. ಸುಮಾರು ಐದು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಮೂತ್ರಪಿಂಡದ ರೋಗವಿದ್ದವರು ಅಂಥ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದೆಂಬ ಎಚ್ಚರಿಕೆಯನ್ನು ಇಲ್ಲಿ ಮರೆಯಲಾಗದು. ಅಮೆರಿಕೆಯ ಲಾಸ್ ಏಂಜಲೀಸ್ ನಗರದಲ್ಲಿ ಕ್ಷೌರದ ಅಂಗಡಿಗಳಲ್ಲಿಯೇ ಗಿರಾಕಿಗಳ ರಕ್ತದೊತ್ತಡ ಅಳೆದು, ಔಷಧಜ್ಞರನ್ನು ಅಲ್ಲಿಗೇ ಕರೆಸಿದ ಪ್ರಯೋಗವೂ ಯಶಸ್ವಿಯಾಗಿ 2018ರಲ್ಲಿ ಪ್ರಕಟವಾಯಿತು. ಜನ ಆಸ್ಪತ್ರೆಗೆ ಬಾರದಿದ್ದರೆ ಆರೋಗ್ಯವೇ ಜನ ಸೇರುವ ಕಡೆಗೆ ಹೋಗಬೇಕು ಎಂಬುದು ಇವೆಲ್ಲದರ ತಿರುಳು.

ಹಾಗಾದರೆ ಕಪನೂರದಂಥ ಊರಿನಲ್ಲಿ ಜನ ಸೇರುವ ಕಡೆ ಯಾವುದು? ಗಿರಣಿಯ ಅಂಗಳ, ಚಹದ ಅಂಗಡಿ, ಕ್ಷೌರದ ಅಂಗಡಿ, ಗುಡಿಯ ಕಟ್ಟೆ, ಮಸೀದಿಯ ಮುಂಬಯಲು, ಹೆಣ್ಣುಮಕ್ಕಳ ಸ್ವಸಹಾಯ ಸಂಘ, ಶಾಲೆ. ರಕ್ತದೊತ್ತಡ ಅಳೆಯುವ ಯಂತ್ರದ ಬೆಲೆ ಕೆಲವು ಚೀಲ ಬೇಳೆಯ ಬೆಲೆಗಿಂತ ಹೆಚ್ಚಲ್ಲ. ಗಿರಣಿಗೊಂದು ಯಂತ್ರವಿಟ್ಟು, ತಿಂಗಳಿಗೊಮ್ಮೆ ಬಟವಾಡೆಯ ದಿನ ಎಲ್ಲರ ಒತ್ತಡವನ್ನೂ ಅಳೆದು ಒಂದು ಪುಸ್ತಕದಲ್ಲಿ ಬರೆದಿಡುವುದು ಮಾಲೀಕರಿಗೆ ಹೊರೆಯಾಗಲಾರದು. ಗುಳಿಗೆ ತರಲು ಹೋದ ಆಳಿನ ಅರ್ಧ ದಿನದ ಕೂಲಿಯನ್ನು ಕಡಿಯದಿರುವುದು ದಾನವಲ್ಲ. ನುರಿತ ಆಳನ್ನು ಉಳಿಸಿಕೊಳ್ಳುವ ಜಾಣತನ. ಓಣಿಯ ನಾಲ್ಕು ಮನೆಗಳು ಸೇರಿ ಸರದಿಯ ಮೇಲೆ ಎಲ್ಲರ ಗುಳಿಗೆಯನ್ನೂ ತರುವ ಏರ್ಪಾಡು ಮಾಡಿದರೆ ಕೂಲಿ ಕಳೆಯುವ ಪ್ರಶ್ನೆಯೇ ಏಳದು.

ಆದರೆ ಇಲ್ಲೊಂದು ಎಚ್ಚರ ಅಗತ್ಯ. ವರ್ಷಕ್ಕೊಮ್ಮೆ ಚಪ್ಪರ ಹಾಕಿ, ಹಾರ ಭಾಷಣ ಭಾವಚಿತ್ರಗಳೊಂದಿಗೆ ಮುಗಿಯುವ ಆರೋಗ್ಯ ಶಿಬಿರಗಳಿಂದ ಮಾತ್ರ ಊರಿನ ಹೃದಯ ಉಳಿಯುವುದಿಲ್ಲ. ಅಳೆದು, 'ನಿಮಗೆ ಒತ್ತಡ ಹೆಚ್ಚಿದೆ' ಎಂದು ಹೇಳಿ, ಮರುದಿನ ಚಪ್ಪರ ಕಿತ್ತುಕೊಂಡು ಹೋಗುವುದು ದಾರಿ ತೋರಿಸದೆ ಬರಿದೆ ಹೆದರಿಸಿ ಹೋದಂತೆ. ಅಳೆದವರು ಔಷಧಿಯವರೆಗೆ ಕೈಹಿಡಿದು ನಡೆಸಬೇಕು. ಔಷಧಿ ಹಿಡಿದವರನ್ನು ಮುಂದಿನ ತಿಂಗಳೂ ವಿಚಾರಿಸಬೇಕು. ಒಂದು ದಿನ ನೂರು ಜನರನ್ನು ಅಳೆಯುವುದಕ್ಕಿಂತ ಹತ್ತು ಜನರನ್ನು ಹತ್ತು ವರ್ಷ ವಿಚಾರಿಸುವುದು ಮೇಲು.

ಎರಡನೆಯ ಮಾತು ಉಪ್ಪಿನದು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ದೇಹದಲ್ಲಿ ಉಪ್ಪು ಹೆಚ್ಚಿದಷ್ಟೂ ನೀರು ನಿಲ್ಲುತ್ತದೆ. ನೀರು ನಿಂತಷ್ಟೂ ನಾಳಗಳ ಒತ್ತಡ ಏರುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಹದ ಚಮಚೆಯಷ್ಟರ ಒಳಗೆ ಉಪ್ಪಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಬಿಸಿಲಿನಲ್ಲಿ ಬೆವರು ಸುರಿಸುವವನಿಗೆ ಉಪ್ಪು ಬೇಡವೇ ಎಂದು ಕೇಳುವವರುಂಟು. ಪ್ರಶ್ನೆ ನಿರಾಧಾರವಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿಯನ್ನು ದಾಟುವುದು ವಾಡಿಕೆ. ಅಂಥ ದಿನಗಳಲ್ಲಿ ದುಡಿಯುವವನಿಗೆ ನೀರು, ನೆರಳು, ಮಜ್ಜಿಗೆ ಎಲ್ಲವೂ ಬೇಕು. ಆದರೆ ಆ ನೆಪದಿಂದ ವರ್ಷದ ಎಲ್ಲ ದಿನವೂ ಉಪ್ಪಿನಕಾಯಿ, ಹಪ್ಪಳ, ಮಿರ್ಚಿಭಜಿ, ಪೊಟ್ಟಣದ ಕುರುಕಲುಗಳ ಮೂಲಕ ಮೈಗೆ ಸೇರುವ ಉಪ್ಪನ್ನು ಸಮರ್ಥಿಸಲಾಗದು. ಅತ್ತ ಜೋಳದ ರೊಟ್ಟಿ, ತೊಗರಿಬೇಳೆ, ಕಾಯಿಪಲ್ಯೆ, ಸೊಪ್ಪು, ಕಮಲಾಪುರದ ಬಾಳೆ ಇವು ನಾರನ್ನೂ ಪೊಟ್ಯಾಸಿಯಮನ್ನೂ ಕೊಡುವ ಪದಾರ್ಥಗಳು. ಹಿತವಾದುದನ್ನು ಪೇಟೆಗೆ ಕಳಿಸಿ ಅಹಿತವಾದುದನ್ನು ಪೇಟೆಯಿಂದ ತರುವ ವಿಪರ್ಯಾಸವನ್ನು ಬೆಳೆಯುವ ನಾಡು ತಾನೇ ತಿದ್ದಿಕೊಳ್ಳಬೇಕು.

ಕಲಬುರಗಿ ದಾಸೋಹದ ಊರು. ಶರಣಬಸವೇಶ್ವರರು ಹಸಿದವರಿಗೆ ಅನ್ನವಿಕ್ಕಿದ ನೆಲವದು. ಖ್ವಾಜಾ ಬಂದೇನವಾಜರ ಉರುಸಿನಲ್ಲಿ ಎಲ್ಲ ಮತದವರೂ ಕೂಡುವ ಊರದು. ಸಾವಿರಾರು ಜನ ಉಣ್ಣುವ ಇಂಥ ಎಡೆಗಳಲ್ಲಿ ಅಡುಗೆಗೆ ಬೀಳುವ ಉಪ್ಪೂ ಎಣ್ಣೆಯೂ ಒಂದಿಷ್ಟು ಕಡಿಮೆಯಾದರೆ ಅದರ ಫಲ ಮನೆಮನೆಗೂ ಮುಟ್ಟುತ್ತದೆ. ಜಾತ್ರೆ, ಉರುಸುಗಳಲ್ಲಿ ನೀರಿನ ಅರವಟ್ಟಿಗೆಯ ಪಕ್ಕದಲ್ಲಿ ರಕ್ತದೊತ್ತಡ ಅಳೆಯುವ ಒಂದು ಮೇಜೂ ಇರುವುದು ಯಾವ ಸಂಪ್ರದಾಯಕ್ಕೂ ವಿರುದ್ಧವಲ್ಲ. ಹಸಿವನ್ನು ತಣಿಸುವುದು ಹೇಗೆ ಸೇವೆಯೋ ಬೀಳುವವನನ್ನು ಮೊದಲೇ ಹಿಡಿದು ನಿಲ್ಲಿಸುವುದೂ ಹಾಗೆಯೇ ಸೇವೆ.

ಮೂರನೆಯದು ತಂಬಾಕು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧಗೊಂಡಿತು. ಆದರೆ ನಿಷೇಧ ಕಾಗದದಲ್ಲಿ ಎಷ್ಟು ಗಟ್ಟಿಯಾಗಿದ್ದರೂ ಬಾಯಿಯ ಚಟವನ್ನು ಅದೊಂದೇ ಬಿಡಿಸಲಾರದು. ಬೀಡಿ ಸೇದುವವನ ನಾಳಗಳು ಬೇಗ ಕಿರಿದಾಗುತ್ತವೆ. ಅವನ ಹೊಗೆ ಪಕ್ಕದ ಮಗುವಿನ ಎದೆಯನ್ನೂ ಸೇರುತ್ತದೆ. ಬಿಟ್ಟವನಿಗಾದರೋ ಬಿಟ್ಟ ದಿನದಿಂದಲೇ ಲಾಭ ಆರಂಭ. ಧೂಮಪಾನದಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ವರ್ಷದೊಳಗೆ ಅರ್ಧದಷ್ಟು ತಗ್ಗುತ್ತದೆಂದು ವೈದ್ಯರು ಹೇಳುತ್ತಾರೆ. ಗಿರಣಿಯ ಹತ್ತು ಜನ ಒಟ್ಟಿಗೆ ಬಿಟ್ಟರೆ ಬಿಡುವುದು ಸುಲಭ. ಒಬ್ಬನೇ ಬಿಟ್ಟು ಒಂಬತ್ತು ಜನರ ನಡುವೆ ಕುಳಿತುಕೊಳ್ಳುವುದು ಕಷ್ಟ. ಈ ಕಾರಣಕ್ಕಾಗಿಯೂ ಇದು ಸಮುದಾಯದ ಕೆಲಸ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಗಂಡನ ಗುಳಿಗೆಯನ್ನು ನೆನಪಿಸುವವಳು ಹೆಂಡತಿ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಸೊಸೆ. ಅವರ ರಕ್ತದೊತ್ತಡವನ್ನು ಅಳೆಯಿಸುವವರು ಮನೆಯಲ್ಲಿ ಯಾರೂ ಇಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ, ದಣಿವನ್ನು ಸಹಜವೆಂದು ನುಂಗಿಕೊಳ್ಳುವ ಹೆಣ್ಣಿಗೆ ಎದೆನೋವು ಬಂದರೂ ಅದು ವಾಯುವೆಂದು ಓಮಿನ ಕಾಳಿನಲ್ಲಿ ಮುಗಿದುಹೋಗುತ್ತದೆ. ಹೆಂಗಸರಲ್ಲಿ ಹೃದಯಾಘಾತ ಉಬ್ಬಸ, ಅತಿ ಸುಸ್ತು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವಿನ ರೂಪದಲ್ಲಿಯೂ ಬರಬಹುದು. ಮನೆಯ ದೀಪವನ್ನು ಕಾಯುವವಳ ಎದೆಯನ್ನು ಕಾಯುವ ಹೊಣೆ ಆ ಮನೆಯ ಗಂಡಸರದೂ ಹೌದು.

ಕೊನೆಯ ಮಾತು ಹೊತ್ತಿನದು. ಎಷ್ಟು ಜಾಗ್ರತೆ ವಹಿಸಿದರೂ ಕೆಲವರು ಬಿದ್ದೇ ಬೀಳುತ್ತಾರೆ. ಬಿದ್ದ ಹೊತ್ತಿನಲ್ಲಿ ಸುತ್ತಲಿನವರು ಏನು ಮಾಡುತ್ತಾರೆಂಬುದರ ಮೇಲೆ ಅವರ ಮುಂದಿನ ಬದುಕು ನಿಂತಿದೆ. ಲಕ್ವಾ ಹೊಡೆದೊಡನೆ ನಾಟಿ ಔಷಧಿಯ ಊರನ್ನು ಹುಡುಕುವುದು, ಎಣ್ಣೆ ತಿಕ್ಕುವುದು, ದೃಷ್ಟಿ ತೆಗೆಯುವುದು ಇವುಗಳಲ್ಲಿ ಬೆಲೆಕಟ್ಟಲಾಗದ ಗಂಟೆಗಳು ಕಳೆದುಹೋಗುತ್ತವೆ. ನಾಳ ಕಟ್ಟಿ ಬಂದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಉಂಟು. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಮಿದುಳಿನ ಸ್ಕ್ಯಾನ್ ಮಾಡಿ, ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ನೋಡಲೇಬೇಕು. ಒಡೆದ ನಾಳಕ್ಕೆ ಅದೇ ಮದ್ದು ಮಾರಕ. ಆದುದರಿಂದ ಸ್ಕ್ಯಾನ್ ಸೌಲಭ್ಯವುಳ್ಳ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಬಿದ್ದವನ ಬಾಯಿಗೆ ನೀರು, ಅನ್ನ, ಗುಳಿಗೆ ಯಾವುದನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಎಚ್ಚರ ತಪ್ಪಿದ್ದರೂ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆಮಾಡಬೇಕು.

ಮುಖ, ತೋಳು, ಮಾತು, ಹೊತ್ತು ಈ ನಾಲ್ಕು ಶಬ್ದಗಳನ್ನು ಶಾಲೆಯ ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಬಲ್ಲರು. ನಗಲು ಹೇಳಿದಾಗ ಮುಖ ಒಂದು ಕಡೆ ಜೋತುಬಿದ್ದಿದೆಯೇ? ಎರಡೂ ತೋಳು ಎತ್ತಿದಾಗ ಒಂದು ಕೆಳಗಿಳಿಯುತ್ತದೆಯೇ? ಮಾತು ತೊದಲುತ್ತದೆಯೇ? ಒಂದಾದರೂ ಹೌದಾದರೆ ಹೊತ್ತು ಕಳೆಯದೆ ಆಸ್ಪತ್ರೆಗೆ. ಅಜ್ಜನ ಪಕ್ಕದಲ್ಲಿ ಮಲಗುವ ಮೊಮ್ಮಗಳು, ಅವ್ವನೊಡನೆ ಒಲೆಯ ಮುಂದೆ ಕುಳಿತ ಮಗ ಇವರೇ ಬಹುಸಲ ಮೊದಲ ಸಾಕ್ಷಿಗಳು. ಇಂಥ ಮಕ್ಕಳಿಗೆ ಇಷ್ಟು ತಿಳಿದಿದ್ದರೆ ದೊಡ್ಡ ಆಸ್ಪತ್ರೆಯ ಯಂತ್ರಗಳೆಲ್ಲ ಸಕಾಲಕ್ಕೆ ಉಪಯೋಗಕ್ಕೆ ಬಂದಾವು. ತಿಳಿಯದಿದ್ದರೆ ರೋಗಿ ಅಲ್ಲಿಗೆ ತಲುಪುವ ಮೊದಲೇ ಹೊತ್ತು ಮೀರಿರುತ್ತದೆ.

ಹಣೆಬರಹ ಇದ್ದಂತೆ ಆಗುತ್ತದೆ ಎನ್ನುವವರು ಇನ್ನೂ ಇದ್ದಾರೆ. ಒಂದು ಕಾಲಕ್ಕೆ ಸಿಡುಬನ್ನೂ ಹಣೆಬರಹವೆಂದೇ ತಿಳಿಯಲಾಗಿತ್ತು. ಮನೆಮನೆಗೆ ಹೋಗಿ ಹುಡುಕಿದವರ, ದೇವಿ ಹಾಕಿದವರ ದುಡಿಮೆಯಿಂದ ಅದು ಈ ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ಜಗತ್ತು ಸಾರಿತು. ರಕ್ತದೊತ್ತಡವನ್ನು ಹಾಗೆ ಪೂರ್ತಿ ತೊಲಗಿಸಲಾಗದು. ಆದರೆ ಅದರ ಕೈಯಿಂದ ದುಡಿಯುವ ವಯಸ್ಸಿನ ಜನರನ್ನು ಬಿಡಿಸಿಕೊಳ್ಳಬಹುದು. ಅದಕ್ಕೆ ಬೇಕಾದುದು ಬೆಲೆಬಾಳುವ ಸಲಕರಣೆಯಲ್ಲ. ಒಂದು ಅಳತೆಯ ಯಂತ್ರ, ಒಂದು ಹೆಸರು ಬರೆಯುವ ಪುಸ್ತಕ, ತಿಂಗಳಿಗೊಮ್ಮೆ 'ಗುಳಿಗಿ ತಗೊಂಡಿ ಏನಪ್ಪಾ?' ಎಂದು ಕೇಳುವ ನೆರೆಯವನ ಬಾಯಿ. ಆ ಹಮಾಲನಿಗೆ ದೊರೆಯದೆ ಹೋದದ್ದು ಈ ಒಂದು ಪ್ರಶ್ನೆ. ಅದನ್ನು ಕೇಳುವ ರೂಢಿ ಓಣಿಯಲ್ಲಿ ಇದ್ದಿದ್ದರೆ ಇಂದು ಅವನ ಮಗಳು ಹತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತಿರುತ್ತಿದ್ದಳು.